ಏಳದ ಗುಳ್ಳೆಗಳು

ನಾಲತವಾಡದ ಕಡೆಯ ಮನೆಗಳಲ್ಲಿ ಜೋಳದ ರೊಟ್ಟಿಗೆ ಜುಣಕ ಜೊತೆಯಾಗುವುದನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲರು. ಕಡಲೆಹಿಟ್ಟನ್ನು ನೀರಿನೊಡನೆ ಕೈಬಿಡದೆ ತಿರುವಿ ಗಟ್ಟಿಯಾಗಿ ಬೇಯಿಸಿ, ತಟ್ಟೆಗೆ ಸುರಿದು, ಆರಿದ ಮೇಲೆ ವಡಿಗಳಾಗಿ ಕೊಯ್ದರೆ, ಕೊಯ್ದ ಮೈಯಲ್ಲಿ ಸಣ್ಣ ಸಣ್ಣ ತೂತುಗಳು ಕಾಣುವುವು. ಬೇಯುವಾಗ ಏಳುವ ದೊಡ್ಡ ಗುಳ್ಳೆಗಳು ಉಗಿಯವು. ಅವು ಮೇಲೆ ಬಂದು ಒಡೆಯುತ್ತವೆ, ತಿರುವುವವರ ಕೈಯನ್ನು ಸುಡುವುದೂ ಉಂಟು. ತಿರುವುವಾಗ ಸಿಕ್ಕಿಬಿದ್ದ ಗಾಳಿಯ ಕಿರುಗುಳ್ಳೆಗಳಾದರೋ ಇದ್ದಲ್ಲಿಯೇ ಉಳಿಯುತ್ತವೆ. ಅಷ್ಟು ಹಗುರವಾದ ಗಾಳಿ ಏಕೆ ಮೇಲೇಳಲಿಲ್ಲ?

ಪದಾರ್ಥವು ಮಂದವಾಗಿದೆ, ಅದಕ್ಕೇ ಎಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಈ ಉತ್ತರ ಸಾಲದು. ಹರಳೆಣ್ಣೆಯ ಮಂದತೆ ನೀರಿಗಿಂತ ನೂರಾರು ಪಾಲು ಹೆಚ್ಚು. ಆದರೂ ಸೀಸೆಯನ್ನು ಕುಲುಕಿ ಇಟ್ಟರೆ ಅದರ ಗುಳ್ಳೆಗಳು ತಡವಾಗಿಯಾದರೂ ಏರಿಯೇ ತೀರುತ್ತವೆ. ಮಂದತೆಯು ಗುಳ್ಳೆಯನ್ನು ತಡೆತಡೆದು ಬಿಡಬಲ್ಲುದೇ ಹೊರತು ನಿಲ್ಲಿಸಲಾರದು.

ನಿಲ್ಲಿಸುವ ಗುಣವೇ ಬೇರೆ. ಬೆಂದ ಹಿಟ್ಟಿನಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ, ಒಂದನ್ನೊಂದು ಒತ್ತಿ ಹೆಣೆದುಕೊಂಡು ಬಲೆಯಂತಾಗುತ್ತವೆ. ಅಲ್ಪ ಬಲಕ್ಕೆ ಈ ಬಲೆ ತುಸು ಬಾಗೀತು, ಹರಿಯದು. ಬಲವು ಒಂದು ಮಿತಿಯನ್ನು ಮೀರಿದಾಗಲೇ ಅದು ಸಡಿಲಿ ಹರಿಯತೊಡಗುತ್ತದೆ. ಇಂತಹ ಹರಿವಿನ ನಿಯಮವನ್ನು ಅಮೆರಿಕದ ಬಿಂಗ್‌ಹ್ಯಾಮ್ ಎಂಬ ರಸಾಯನಶಾಸ್ತ್ರಜ್ಞನು 1916ರಲ್ಲಿ ಪ್ರಕಟಿಸಿದನು.

ಇನ್ನು ಗಾತ್ರದ ಲೆಕ್ಕ. ಗುಳ್ಳೆಯ ವ್ಯಾಸ ಇಮ್ಮಡಿಯಾದರೆ ಅದನ್ನು ಮೇಲಕ್ಕೆ ನೂಕುವ ಬಲ 8 ಪಾಲಾಗುತ್ತದೆ. ಅದನ್ನು ಹಿಡಿದಿಡುವ ಮೈಯ ವಿಸ್ತಾರವಾದರೋ 4 ಪಾಲು ಮಾತ್ರ. ಆದಕಾರಣ ದೊಡ್ಡದು ಬಲೆಯನ್ನು ಹರಿದುಕೊಂಡು ಹೋಗುತ್ತದೆ, ಚಿಕ್ಕದು ಸೆರೆಯಾಗುತ್ತದೆ.

ಇದು ಅಡಿಗೆಮನೆಯ ಕುತೂಹಲ ಮಾತ್ರವಲ್ಲ. ಇಂದು ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಹೊಟ್ಟೆಗೆ ಜೆಲ್ ಸವರಿ, ಕಿವಿಗೆ ಕೇಳದ ಶಬ್ದದಿಂದ ಶಿಶುವಿನ ಚಿತ್ರವನ್ನು ತೆಗೆಯುತ್ತಾರೆ. ನಡುವೆ ಗಾಳಿಗುಳ್ಳೆಯಿದ್ದರೆ ಶಬ್ದವು ಅಲ್ಲಿಂದಲೇ ಹಿಂದಿರುಗಿ ಚಿತ್ರ ಕೆಡುತ್ತದೆ. ಕಿರುಗುಳ್ಳೆಗಳು ತಾವಾಗಿ ಹೊರಡಲೆಂದು ಜೆಲ್ಲನ್ನು ದಿನಗಟ್ಟಲೆ ಇಟ್ಟು ಕಾದರೂ ಫಲವಿಲ್ಲ. ಆದರೆ ಮುಚ್ಚಿದ ಪಾತ್ರೆಯಲ್ಲಿಟ್ಟು ಗಾಳಿಯ ಒತ್ತಡವನ್ನು ಎಂಟರಲ್ಲೊಂದು ಪಾಲಿಗೆ ಇಳಿಸಿದರೆ, ಬಾಯ್ಲನ ನಿಯಮದಂತೆ ಗುಳ್ಳೆಯ ಘನ ಎಂಟು ಪಾಲಾಗಿ ವ್ಯಾಸ ಇಮ್ಮಡಿಸುತ್ತದೆ. ಸೆರೆಯಲ್ಲಿದ್ದದ್ದು ಮಿತಿ ಮೀರಿ ಬೆಳೆದು ಹೊರಬೀಳುತ್ತದೆ.

ಜುಣಕಕ್ಕೆ ಇಷ್ಟು ಸಲಕರಣೆ ಬೇಡ. ಬಿಸಿಯಿರುವಾಗಲೇ ತಟ್ಟೆಯನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ಬಲೆ ಗಳಿಗೆಯ ಮಟ್ಟಿಗೆ ಸಡಿಲುತ್ತದೆ, ಕೆಲವು ಗುಳ್ಳೆಗಳು ತಪ್ಪಿಸಿಕೊಳ್ಳುತ್ತವೆ. ಆರಿದ ಮೇಲೆ ಕುಟ್ಟಿದರೆ ಒಡೆಯುವುದು ವಡಿಯೇ.