ಕರೆಗಂಟೆಯ ನೆನಪು ಎಷ್ಟು ದಿನ?



ಸಂಕ್ರಾಂತಿ ಮುಗಿದ ಮೇಲೆ ನಮ್ಮ ಕೋಸಗಿ ಮಂಡಲದ ಊರುಗಳಲ್ಲಿ ಎಷ್ಟೋ ಓಣಿಗಳು ಬಿಕೋ ಅನ್ನೋದನ್ನು ನೀವು ನೋಡೇ ಇರ್ತೀರಿ. ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಜನ ಗುಂಪುಗುಂಪಾಗಿ ಹೊರಡುತ್ತಾರೆ. ಕೆಲವು ಮನೆಗೆ ಬೀಗ ಬೀಳುತ್ತದೆ, ಕೆಲವು ಮನೆಯಲ್ಲಿ ಅಜ್ಜಿ ಒಬ್ಬಾಕೆ ಉಳಿಯುತ್ತಾಳೆ. ಅಂಥದೊಂದು ಮನೆಯವರು ಬಾಗಿಲಿಗೆ ಕ್ಯಾಮೆರಾ ಇರುವ ಕರೆಗಂಟೆ, ಅಂದರೆ ವಿಡಿಯೋ ಡೋರ್‌ಬೆಲ್ ಹಾಕಿಸಿದ್ದಾರೆ ಅಂತ ಇಟ್ಟುಕೊಳ್ಳೋಣ. ಎರಡು ತಿಂಗಳಾದ ಮೇಲೆ ಬಂದು ನೋಡಿದರೆ ಚಿಲಕ ಬಾಗಿದೆ. ಯಾರು ಬಂದಿದ್ದರು? ಯಾವತ್ತು? ಬೆಲ್ ಹೇಳುತ್ತದೆಯೇ?

"ಯಾಕೆ ಹೇಳಲ್ಲ, ಎಲ್ಲಾ ರೆಕಾರ್ಡ್ ಆಗಿರುತ್ತೆ" ಅನ್ನೋದು ಮಾರುವವರ ಉತ್ತರ. "ಲೆಕ್ಕ ಹಾಕಿ ನೋಡಬೇಕು" ಅನ್ನೋದು ವಿಜ್ಞಾನದ ಉತ್ತರ. ಈ ಸಲ ಆ ಲೆಕ್ಕ ಮಾಡೋಣ ಬನ್ನಿ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ನೋಡುವುದು ಬೇರೆ, ನೆನಪಿಡುವುದು ಬೇರೆ

ಬಾಗಿಲಿಗೆ ಕ್ಯಾಮೆರಾ ಇಡುವ ಯೋಚನೆ ಹೊಸದಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್ ಇದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರೇ ಇರಬೇಕಾದಾಗ ಬಾಗಿಲು ಬಡಿದವರು ಯಾರೆಂದು ಒಳಗಿನಿಂದಲೇ ನೋಡಬೇಕು ಎಂಬುದು ಅವರ ಆಸೆ. ಗಂಡ ಆಲ್ಬರ್ಟ್ ಬ್ರೌನ್ ಎಲೆಕ್ಟ್ರಾನಿಕ್ಸ್ ಬಲ್ಲವರು. ಇಬ್ಬರೂ ಸೇರಿ 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1969ರಲ್ಲಿ ಅದು ಸಿಕ್ಕಿತು. ಬಾಗಿಲಲ್ಲಿ ಇಣುಕುಕಿಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಗೆ ಟಿ.ವಿ. ಪರದೆ, ಮಾತಾಡಲು ಮೈಕ್, ದೂರದಿಂದಲೇ ಬಾಗಿಲು ತೆಗೆಯಲು ಒಂದು ಗುಂಡಿ.

ಆದರೆ ಅದರ ಮುಖ್ಯ ಕೆಲಸ ಆ ಕ್ಷಣ ಯಾರಿದ್ದಾರೆಂದು ತೋರಿಸುವುದು. ಪರದೆಯ ಮುಂದೆ ಮನುಷ್ಯರು ಕೂತಿರಬೇಕಿತ್ತು. ಊರಲ್ಲಿ ಇಲ್ಲದವರ ಪಾಲಿಗೆ ನೋಡುವ ಕಣ್ಣಷ್ಟೇ ಸಾಲದು, ನೆನಪೂ ಬೇಕು.

ನೆನಪು ಎಲ್ಲಿರಬೇಕು?

ಈಗಿನ ಬೆಲ್‌ಗಳು ದೃಶ್ಯವನ್ನು ಎರಡು ಕಡೆ ಇಡಬಲ್ಲವು. ಒಂದು, ಇಂಟರ್ನೆಟ್ ಮೂಲಕ ಕಂಪನಿಯ ಕಂಪ್ಯೂಟರ್‌ಗೆ ಕಳಿಸುವುದು. ಇದಕ್ಕೆ ಕ್ಲೌಡ್ ಅಂತಾರೆ. ಹೆಸರು ಮೋಡದ್ದಾದರೂ ಅದು ಎಲ್ಲೋ ಒಂದು ಕಟ್ಟಡದಲ್ಲಿ ಸಾಲಾಗಿ ಜೋಡಿಸಿದ ಬೇರೆಯವರ ಕಂಪ್ಯೂಟರ್, ಅಷ್ಟೇ. ಸಾಮಾನ್ಯವಾಗಿ ತಿಂಗಳ ಬಾಡಿಗೆ ಕಟ್ಟಬೇಕು, ಇಂಟರ್ನೆಟ್ ನಿಂತರೆ ಕಳಿಸುವುದೂ ನಿಲ್ಲುತ್ತದೆ.

ಇನ್ನೊಂದು ಮಾತೂ ಇದೆ. ರಿಂಗ್ ಎಂಬ ಡೋರ್‌ಬೆಲ್ ಕಂಪನಿಯ ಸಿಬ್ಬಂದಿ ಗಿರಾಕಿಗಳ ಖಾಸಗಿ ವಿಡಿಯೋಗಳನ್ನು ನೋಡಲು ಅವಕಾಶವಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು. ಆ ಪ್ರಕರಣ 58 ಲಕ್ಷ ಡಾಲರ್ ಕಟ್ಟುವ ಒಪ್ಪಂದದಲ್ಲಿ ಮುಗಿಯಿತು.

ಎರಡನೆಯದು, ನಮ್ಮ ಮನೆಯಲ್ಲೇ ಇಟ್ಟುಕೊಳ್ಳುವುದು. ಮೊಬೈಲ್‌ಗೆ ಹಾಕುವ ಮೈಕ್ರೋ ಎಸ್‌ಡಿ ಕಾರ್ಡೇ ಇದಕ್ಕೂ ಸಾಕು. 15 ಮಿ.ಮೀ. ಉದ್ದ, 11 ಮಿ.ಮೀ. ಅಗಲ, 1 ಮಿ.ಮೀ. ದಪ್ಪ, ಹೆಬ್ಬೆರಳ ಉಗುರಿನಷ್ಟು. ಇದರೊಳಗಿರುವುದು ಫ್ಲ್ಯಾಷ್ ಮೆಮೊರಿ. ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಇದನ್ನು ರೂಪಿಸಿದರು. ಅರೆವಾಹಕದ ಮೇಲೆ ಕೋಟಿಗಟ್ಟಲೆ ಪುಟ್ಟ ಕೋಶಗಳಿರುತ್ತವೆ. ಒಂದೊಂದು ಕೋಶದಲ್ಲೂ ಎಲೆಕ್ಟ್ರಾನುಗಳನ್ನು ಕೂಡಿಹಾಕಬಹುದು. ಸುತ್ತಲೂ ಅವಾಹಕದ ಗೋಡೆ ಇರುವುದರಿಂದ ಕರೆಂಟ್ ಹೋದರೂ ಅವು ಅಲ್ಲೇ ಉಳಿಯುತ್ತವೆ. ಕೋಶದಲ್ಲಿ ಎಷ್ಟು ವಿದ್ಯುದಾವೇಶ ಇದೆ ಅನ್ನೋದರ ಮೇಲೆ 0 ಮತ್ತು 1ಗಳನ್ನು ಓದಿಕೊಳ್ಳುತ್ತಾರೆ.

ಇದರಲ್ಲೊಂದು ವಿಶೇಷವಿದೆ. ಸ್ಲೇಟಿನ ಮೇಲೆ ಬರೆದ ಒಂದೇ ಅಕ್ಷರವನ್ನು ಬೆರಳಿಂದ ಅಳಿಸಬಹುದು. ಈ ಕಾರ್ಡಿನಲ್ಲಿ ಹಾಗಾಗದು, ಒಂದೊಂದು ಭಾಗವನ್ನು ಇಡಿಯಾಗಿಯೇ ಒರೆಸಿ ಮತ್ತೆ ಬರೆಯಬೇಕು. ಒರೆಸಿದಷ್ಟೂ ಆ ಅವಾಹಕದ ಗೋಡೆ ಸವೆಯುತ್ತದೆ. ಅದಕ್ಕೇ ಹಗಲಿರುಳು ಬರೆಯುವ ಕ್ಯಾಮೆರಾಗಳಿಗೆಂದು ಹೆಚ್ಚು ಬಾಳಿಕೆಯ ಕಾರ್ಡುಗಳು ಬೇರೆಯೇ ಸಿಗುತ್ತವೆ.

ಈಗ ಲೆಕ್ಕ

ಬೆಲ್‌ನ ಒಂದು ಚಿತ್ರದಲ್ಲಿ 1920 × 1080 ಚುಕ್ಕಿಗಳಿವೆ ಎಂದುಕೊಳ್ಳಿ. ಒಟ್ಟು 20,73,600. ಪ್ರತಿ ಚುಕ್ಕಿಯ ಬಣ್ಣಕ್ಕೆ 3 ಬೈಟ್. ಅಲ್ಲಿಗೆ ಒಂದು ಚಿತ್ರ ಸುಮಾರು 6.2 ಎಂಬಿ. ಸೆಕೆಂಡಿಗೆ 15 ಚಿತ್ರ ಅಂದರೆ 93 ಎಂಬಿ. ಹೀಗೇ ಬರೆಯುತ್ತಾ ಹೋದರೆ 64 ಜಿಬಿ ಕಾರ್ಡು ಹನ್ನೆರಡು ನಿಮಿಷ ಆಗುವುದರೊಳಗೆ ತುಂಬಿಬಿಡುತ್ತದೆ!

ಅದಕ್ಕೆ ಬೆಲ್ ಒಂದು ಉಪಾಯ ಮಾಡುತ್ತದೆ. ಗೋಡೆ, ಕಟ್ಟೆ, ಹೊಸ್ತಿಲು ಚಿತ್ರದಿಂದ ಚಿತ್ರಕ್ಕೆ ಬದಲಾಗುವುದಿಲ್ಲ ಅಲ್ವಾ? ಅವನ್ನು ಮತ್ತೆಮತ್ತೆ ಬರೆಯದೆ, ಬದಲಾದ ಭಾಗವನ್ನು ಮುಖ್ಯವಾಗಿ ಬರೆದಿಡುತ್ತದೆ. ಹೀಗೆ ಹಿಂಡಿದ ಮೇಲೆ ಸೆಕೆಂಡಿಗೆ 1 ಮೆಗಾಬಿಟ್ ಸಾಕಾಯಿತು ಎಂದುಕೊಳ್ಳೋಣ. 8 ಬಿಟ್‌ಗೆ 1 ಬೈಟ್. ಹಾಗಾದರೆ ಸೆಕೆಂಡಿಗೆ 1,25,000 ಬೈಟ್. ದಿನಕ್ಕೆ 86,400 ಸೆಕೆಂಡ್. ಗುಣಿಸಿ ನೋಡಿ: ದಿನಕ್ಕೆ 10.8 ಜಿಬಿ.

ಮೊದಲ ಲೆಕ್ಕ: ಬಿಡುವಿಲ್ಲದೆ ರೆಕಾರ್ಡ್ ಮಾಡಿದರೆ 64 ÷ 10.8, ಆರು ದಿನವೂ ಪೂರ್ತಿ ಬರುವುದಿಲ್ಲ. ಆಮೇಲೆ ಕಾರ್ಡು ಹಳೆಯದನ್ನು ಒರೆಸಿ ಹೊಸದನ್ನು ಬರೆಯುತ್ತದೆ. ಎರಡು ತಿಂಗಳ ನಂತರ ಬಂದವರಿಗೆ ಸಿಗುವುದು ಕೊನೆಯ ಆರು ದಿನದ ದೃಶ್ಯ ಮಾತ್ರ.

ಎರಡನೆಯ ಲೆಕ್ಕ: ಚಲನೆ ಕಂಡಾಗ ಮಾತ್ರ 30 ಸೆಕೆಂಡ್ ರೆಕಾರ್ಡ್ ಮಾಡಲು ಹೇಳಿದ್ದೇವೆ. ಆದರೆ ಬೆಲ್ ಓಣಿಯ ಕಡೆಗೆ ನೋಡುತ್ತಿದೆ. ಕುರಿ ಹಿಂಡು, ಎಮ್ಮೆ, ಬೈಕು, ಆಟೋ, ನೀರಿಗೆ ಹೋಗುವವರು, ಎಲ್ಲಾ ಸೇರಿ ದಿನಕ್ಕೆ 400 ಸಲ ಎನ್ನೋಣ. 400 × 30 = 12,000 ಸೆಕೆಂಡ್. ಅಂದರೆ 1.5 ಜಿಬಿ. ಕಾರ್ಡು ಸುಮಾರು 42 ದಿನ ನೆನಪಿಡುತ್ತದೆ. 60 ದಿನದಲ್ಲಿ ಮೊದಲ 18 ದಿನ ಅಳಿಸಿಹೋಯಿತು.

ಮೂರನೆಯ ಲೆಕ್ಕ: ಅದೇ ಬೆಲ್, ಅದೇ ಕಾರ್ಡು. ಓಣಿಯನ್ನು ಬಿಟ್ಟು ನಮ್ಮ ಮೆಟ್ಟಿಲು, ಕಟ್ಟೆ, ಹೊಸ್ತಿಲಿನ ಮೇಲಿನ ಚಲನೆಯನ್ನಷ್ಟೇ ಗಮನಿಸು ಅಂತ ಗೆರೆ ಹಾಕಿಕೊಟ್ಟೆವು. ದಿನಕ್ಕೆ 40 ಸಲ. 1,200 ಸೆಕೆಂಡ್, 0.15 ಜಿಬಿ. ಈಗ ಭಾಗಿಸಿ: 400 ದಿನಕ್ಕೂ ಹೆಚ್ಚು!

ನೋಡಿದಿರಾ? ಆರು ದಿನದಿಂದ ಒಂದು ವರ್ಷ ದಾಟಿ ಬಂದೆವು. ಕಾರ್ಡಿಗೆ ಒಂದು ರೂಪಾಯಿ ಹೆಚ್ಚು ಹಾಕಲಿಲ್ಲ. ಎಲ್ಲಿ ನೋಡಬೇಕು ಅನ್ನೋದನ್ನು ಚಿಕ್ಕದು ಮಾಡಿದೆವು. ಬ್ಯಾಟರಿ ಬೆಲ್ ಆದರೆ ಚಾರ್ಜ್ ಕೂಡ ಹೆಚ್ಚು ದಿನ ಬರುತ್ತದೆ, ಏಕೆಂದರೆ ಅದು ಎಚ್ಚರಗೊಳ್ಳುವುದೇ ಕಡಿಮೆಯಾಗುತ್ತದೆ.

ಅಂದಹಾಗೆ, 64 ಜಿಬಿ ಕಾರ್ಡನ್ನು ಕಂಪ್ಯೂಟರ್‌ಗೆ ಹಾಕಿದರೆ 59.6 ಅಂತ ತೋರಿಸಬಹುದು. ಮೋಸ ಹೋದೆವು ಅಂದುಕೊಳ್ಳಬೇಡಿ. ಕಾರ್ಡು ಮಾಡುವವರು ಸಾವಿರದ ಲೆಕ್ಕದಲ್ಲಿ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬಂದ ವ್ಯತ್ಯಾಸ ಅದು.

ನಮ್ಮ ಬಿಸಿಲಿನ ತಕರಾರು

ಬ್ಯಾಟರಿ ಬೆಲ್‌ಗಳು ಚಲನೆಯನ್ನು ಗುರುತಿಸಲು ಹೆಚ್ಚಾಗಿ ಪಿಐಆರ್ ಎಂಬ ಸಂವೇದಕ ಬಳಸುತ್ತವೆ. ನಮ್ಮ ಮೈ ಅವಕೆಂಪು ಕಿರಣಗಳನ್ನು ಸದಾ ಹೊರಸೂಸುತ್ತಿರುತ್ತದೆ. ಅದರ ಹೆಚ್ಚಿನ ಭಾಗ ಸುಮಾರು 9.4 ಮೈಕ್ರೋಮೀಟರ್ ತರಂಗದೂರದ ಆಸುಪಾಸಿನಲ್ಲಿದೆ. ತಣ್ಣನೆಯ ಗೋಡೆಯ ಮುಂದೆ ಬೆಚ್ಚನೆಯ ಮನುಷ್ಯ ಹಾದುಹೋದರೆ ಸಂವೇದಕಕ್ಕೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನವನ್ನು ನೆನೆಸಿಕೊಳ್ಳಿ. ಗಾಳಿಯೇ 40 ಡಿಗ್ರಿ ದಾಟಿರುತ್ತದೆ, ಬಂಡೆ ಹಾಸಿನ ಮೇಲೆ ಬರಿಗಾಲು ಇಡೋದಕ್ಕೆ ಆಗಲ್ಲ. ಗೋಡೆಯೂ ಮೈಯಷ್ಟೇ ಬಿಸಿ. ವ್ಯತ್ಯಾಸವೇ ಇಲ್ಲದ ಮೇಲೆ ಸಂವೇದಕ ಏನನ್ನು ಗುರುತಿಸಬೇಕು? ಮನುಷ್ಯ ಮುಂದೆ ಬಂದರೂ ಅದು ಸುಮ್ಮನಿದ್ದುಬಿಡಬಹುದು. ಆದ್ದರಿಂದ ಪಡುವಣ ಬಿಸಿಲು ಬೀಳದ ಕಡೆ, ನೆರಳಲ್ಲಿ ಬೆಲ್ ಇಡಬೇಕು. ಲಿಥಿಯಂ ಬ್ಯಾಟರಿಗೂ ಅದೇ ಕ್ಷೇಮ.

ಹೊಂದಿಸುವ ಕ್ರಮ

ಒಂದು. ಕೊಳ್ಳುವ ಮೊದಲೇ ಪೆಟ್ಟಿಗೆಯ ಮೇಲೆ ಓದಿ. ಎಲ್ಲಾ ಬೆಲ್‌ಗೂ ಕಾರ್ಡಿನ ಜಾಗ ಇರುವುದಿಲ್ಲ. ಇದ್ದರೆ ಹೆಚ್ಚೆಂದರೆ ಎಷ್ಟು ಜಿಬಿ ಎಂದೂ ಬರೆದಿರುತ್ತಾರೆ.

ಎರಡು. ನಮ್ಮ ಮನೆಗಳ ಮಾಮೂಲಿ ಬೆಲ್ ಸ್ವಿಚ್‌ಗೆ ನೇರವಾಗಿ 230 ವೋಲ್ಟ್ ಬಂದಿರುತ್ತದೆ. ವೈರ್ ಜೋಡಿಸುವ ವಿಡಿಯೋ ಬೆಲ್‌ಗಳಲ್ಲಿ ಎಷ್ಟೋ 16ರಿಂದ 24 ವೋಲ್ಟ್‌ಗೆ ಮಾಡಿದವು. ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಜೋಡಿಸಿದರೆ ಬೆಲ್ ಸುಡುತ್ತದೆ, ಜೀವಕ್ಕೂ ಅಪಾಯ. ಈ ಕೆಲಸ ಎಲೆಕ್ಟ್ರಿಷಿಯನ್ ಮಾಡಲಿ, ನೀವು ಕೈ ಹಾಕಬೇಡಿ.

ಮೂರು. ಬೆಲ್ ಆಫ್ ಮಾಡಿ ಕಾರ್ಡು ಹಾಕಿ. ಆಮೇಲೆ ಆ್ಯಪ್‌ನಲ್ಲಿ ಫಾರ್ಮ್ಯಾಟ್ ಒತ್ತಿ. ಬೆಲ್ ತನಗೆ ಬರುವ ರೀತಿಯಲ್ಲಿ ಕಾರ್ಡಿಗೆ ಮನೆಗಳ ಗೆರೆ ಎಳೆದುಕೊಳ್ಳುತ್ತದೆ. ಹಳೆಯದೆಲ್ಲ ಅಳಿಸಿಹೋಗುತ್ತದೆ, ಹುಷಾರು! ಅಕ್ಕನ ಮದುವೆ ಫೋಟೋ ಇದ್ದರೆ ಮೊದಲೇ ಬೇರೆ ಕಡೆ ತೆಗೆದಿಡಿ.

ನಾಲ್ಕು. ದಿನಾಂಕ, ಸಮಯ ಸರಿಮಾಡಿ. ಭಾರತದ ಸಮಯ ಅಂತರರಾಷ್ಟ್ರೀಯ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಇದು ತಪ್ಪಿದರೆ ರಾತ್ರಿ ಬಂದವರು ಸಂಜೆ ಬಂದಂತೆ ದಾಖಲಾಗುತ್ತದೆ.

ಐದು. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವಂತೆ ಹೇಳಿ. ಚಲನೆಯ ಗೆರೆಯನ್ನು ನಮ್ಮ ಹೊಸ್ತಿಲ ಸುತ್ತ ಎಳೆಯಿರಿ. ಬೆಲ್‌ನ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ.

ಆರು. ನೀವೇ ಬಾಗಿಲ ಮುಂದೆ ಹಗಲೊಮ್ಮೆ, ರಾತ್ರಿಯೊಮ್ಮೆ ನಡೆದು, ರೆಕಾರ್ಡ್ ಆಗಿದೆಯೇ ಎಂದು ತೆರೆದು ನೋಡಿ. ಪರೀಕ್ಷೆ ಮಾಡದ ಉಪಕರಣವನ್ನು ಪ್ರಯೋಗಾಲಯದಲ್ಲಿ ನಂಬುವುದಿಲ್ಲ, ಬಾಗಿಲಲ್ಲೂ ನಂಬಬಾರದು.

ಇನ್ನೆರಡು ಮಾತು. ಊರಿಗೆ ಹೋಗುವಾಗ ಮೇನ್ ಸ್ವಿಚ್ ಇಳಿಸಿ ಹೋಗುವುದು ನಮ್ಮ ರೂಢಿ. ಇಳಿಸಿದರೆ ವೈರ್‌ನ ಬೆಲ್ ಕುರುಡಾಗುತ್ತದೆ, ವೈಫೈ ಕೂಡ ನಿಲ್ಲುತ್ತದೆ. ಬ್ಯಾಟರಿ ಬೆಲ್ ಆಗಿ, ಕಾರ್ಡು ಅದರೊಳಗೇ ಇದ್ದರೆ ಸಾಮಾನ್ಯವಾಗಿ ರೆಕಾರ್ಡ್ ಮುಂದುವರಿಯುತ್ತದೆ. ಆದರೆ ಕಳ್ಳ ಬೆಲ್ ಕಿತ್ತುಕೊಂಡು ಹೋದರೆ ಸಾಕ್ಷಿಯೂ ಅವನ ಜೇಬಿಗೇ ಹೋಯಿತು! ಅದಕ್ಕಾಗಿ ಕೆಲವು ಕಂಪನಿಗಳು ಕಾರ್ಡನ್ನು ಮನೆಯೊಳಗಿನ ಪೆಟ್ಟಿಗೆಯಲ್ಲಿ ಇಡುತ್ತವೆ. ಅಜ್ಜಿ ಮನೆಯಲ್ಲಿದ್ದು, ಕರೆಂಟ್ ಇದ್ದರೆ ಅದೇ ಒಳ್ಳೆಯದು. ಬೀಗ ಹಾಕಿದ ಮನೆಯಾದರೆ ಎರಡರ ಲಾಭ ನಷ್ಟ ತೂಗಿ ಮನೆಯವರೇ ತೀರ್ಮಾನಿಸಬೇಕು.

ಎದುರು ಮನೆಯವರ ಹಕ್ಕು

ಕೊನೆಗೆ ಒಂದು ವಿಷಯ. ನಮ್ಮ ಬೆಲ್ ಓಣಿಯ ಕಡೆ ನೋಡಿದರೆ ಎದುರು ಮನೆಯವರ ಬಾಗಿಲೂ ಅದರಲ್ಲಿ ಬೀಳುತ್ತದೆ. ಅವರು ಕಟ್ಟೆಯ ಮೇಲೆ ಕೂತು ತಲೆ ಬಾಚಿಕೊಳ್ಳುವುದು, ಮಗುವಿಗೆ ಉಣಿಸುವುದು, ಅವರ ಮನೆಗೆ ಯಾರು ಬಂದರು, ಹೋದರು, ಎಲ್ಲಾ ನಮ್ಮ ಕಾರ್ಡಿನಲ್ಲಿ. ಅವರನ್ನು ಕೇಳಿದೆವಾ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವೂ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ತೀರ್ಪಿನ ಹಿಂದಿನ ಮಾತು ನಮ್ಮ ಓಣಿಗೂ ಸಲ್ಲುತ್ತದೆ.

ಇಲ್ಲಿ ಮೂರನೆಯ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಕ್ಯಾಮೆರಾವನ್ನು ನಮ್ಮ ಹೊಸ್ತಿಲಿನ ಕಡೆಗೇ ತಿರುಗಿಸಿ ಇಟ್ಟರೆ, ಚಲನೆಯ ಗೆರೆಯನ್ನೂ ಅಷ್ಟಕ್ಕೇ ಎಳೆದರೆ, ಕಾರ್ಡಿನ ನೆನಪೂ ಉದ್ದವಾಗುತ್ತದೆ, ನೆರೆಯವರ ಮರ್ಯಾದೆಯೂ ಉಳಿಯುತ್ತದೆ. ಕೋಶದೊಳಗಿನ ಎಲೆಕ್ಟ್ರಾನಿನ ಲೆಕ್ಕವೂ ಓಣಿಯ ನ್ಯಾಯವೂ ಒಂದೇ ಉತ್ತರ ಕೊಡುತ್ತಿವೆ.

ನಿಮಗೊಂದು ಚಟುವಟಿಕೆ. ಇದಕ್ಕೆ ಬೆಲ್ ಬೇಕಾಗಿಲ್ಲ. ಭಾನುವಾರ ಸಂಜೆ ಒಂದು ಗಂಟೆ ನಿಮ್ಮ ಮನೆ ಕಟ್ಟೆಯ ಮೇಲೆ ಕೂತುಕೊಳ್ಳಿ. ಓಣಿಯಲ್ಲಿ ಹಾದುಹೋದವು ಎಷ್ಟು, ನಿಮ್ಮ ಮೆಟ್ಟಿಲು ಹತ್ತಿದವರು ಎಷ್ಟು, ಎರಡನ್ನೂ ಬೇರೆಬೇರೆ ಎಣಿಸಿ. ಹೆಸರು ಬರೆಯಬೇಡಿ, ಗೀಟು ಎಳೆದರೆ ಸಾಕು. ಎರಡನ್ನೂ 12ರಿಂದ ಗುಣಿಸಿ, ದಿನದ ಅಂದಾಜು ಸಿಗುತ್ತದೆ. ಆಮೇಲೆ 32 ಜಿಬಿ ಕಾರ್ಡು ನಿಮ್ಮ ಮನೆಯಲ್ಲಿ ಎಷ್ಟು ದಿನ ನೆನಪಿಡುತ್ತದೆ ಎಂದು ಎರಡೂ ರೀತಿಯಲ್ಲಿ ಲೆಕ್ಕ ಹಾಕಿ, ತರಗತಿಗೆ ತನ್ನಿ. ಒಬ್ಬೊಬ್ಬರ ಓಣಿಗೂ ಒಂದೊಂದು ಉತ್ತರ ಬರುತ್ತದೆ, ಯಾಕೆ ಅಂತ ಕೂತು ಮಾತಾಡೋಣ.