ಮನಸ್ಸಿನ ಆಪತ್ಕಾಲದಲ್ಲಿ ಚಿಕಿತ್ಸಾ ತಂಡ

ಕೆಲಸ ಹುಡುಕಿಕೊಂಡು ರಾಯಚೂರಿನಿಂದ ಅಬಿಡ್ಸಿನ ನಮ್ಮ ಮನೆಗೆ ಬಂದಿದ್ದ ಬಂಧುಗಳ ಹುಡುಗನೊಬ್ಬನು ನಾಲ್ಕು ರಾತ್ರಿ ನಿದ್ರೆಯಿಲ್ಲದೆ ಮಾತನಾಡುತ್ತಲೇ ಇದ್ದು, ಐದನೆಯ ದಿನ ನಸುಕಿನಲ್ಲಿ ಮಹಡಿಯ ಅಂಚಿಗೆ ಹೋಗಿ ನಿಂತನು. ಅವನನ್ನು ಹಿಡಿದು ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ನನ್ನ ಪಾಲಿಗೆ ಬಂದಿತು. ಒಬ್ಬ ಒಳ್ಳೆಯ ಡಾಕ್ಟರು ಸಿಕ್ಕರೆ ಸಾಕೆಂದು ಹೋದ ನನಗೆ, ಅಲ್ಲಿ ನಾಲ್ವರು ಒಬ್ಬರಾದ ಮೇಲೊಬ್ಬರು ಬಂದು ಹೆಚ್ಚು ಕಡಿಮೆ ಅವೇ ಪ್ರಶ್ನೆಗಳನ್ನು ಕೇಳಿದುದು ಬೇಸರವನ್ನೇ ಉಂಟುಮಾಡಿತು.

ಮೊದಲು ಬಂದವರು ಪರೀಕ್ಷಿಸಿದ್ದು ಮನಸ್ಸನ್ನಲ್ಲ, ದೇಹವನ್ನು. ರಕ್ತದಲ್ಲಿ ಸಕ್ಕರೆ ಇಳಿದಾಗ, ಮಿದುಳಿಗೆ ಸೋಂಕು ತಗುಲಿದಾಗ, ತಲೆಗೆ ಪೆಟ್ಟು ಬಿದ್ದಾಗ, ಕುಡಿತವನ್ನು ಹಠಾತ್ತನೆ ನಿಲ್ಲಿಸಿದಾಗ ಮನುಷ್ಯನು ಹುಚ್ಚನಂತೆಯೇ ವರ್ತಿಸಬಹುದು. ಇದನ್ನು ಬಿಟ್ಟು ಮುಂದೆ ಹೋದರೆ ಪ್ರಾಣಕ್ಕೇ ಅಪಾಯ. ಆ ಬಳಿಕ ಮನೋವೈದ್ಯರು ರೋಗವನ್ನು ಗುರುತಿಸಿ ಔಷಧವನ್ನು ಗೊತ್ತುಮಾಡುತ್ತಾರೆ. ರೋಗಿ ತುಸು ಶಾಂತನಾದ ಮೇಲೆ ಮನಶ್ಶಾಸ್ತ್ರಜ್ಞರು ಅವನೊಡನೆ ಕುಳಿತು, ಸಾಯುವ ಯೋಚನೆ ಮರಳಿ ಬಂದರೆ ಏನು ಮಾಡಬೇಕು, ಯಾರನ್ನು ಕರೆಯಬೇಕು ಎಂಬುದನ್ನು ಅವನ ಮಾತಿನಲ್ಲೇ ಬರೆಯಿಸುತ್ತಾರೆ. ಮನೆ, ಸಾಲ, ನೌಕರಿಗಳ ವಿಚಾರ ಸಮಾಜ ಕಾರ್ಯಕರ್ತರದು. ಇನ್ನು ದಾದಿಯರು: ವೈದ್ಯರು ರೋಗಿಯನ್ನು ಕಾಣುವುದು ಕೆಲವು ನಿಮಿಷ, ಇವರು ಕಾಣುವುದು ಹಗಲಿರುಳು.

ದಾದಿಯರ ಬೆಲೆ ನನಗೆ ತಿಳಿದದ್ದು ಎರಡನೆಯ ರಾತ್ರಿ. "ಹಿಂದೆ ಹೀಗಾಗಿತ್ತೇ?" ಎಂದು ವೈದ್ಯರು ಕೇಳಿದಾಗ ನಾನೇ ದ್ವಿಭಾಷಿಯಾಗಿ, ಇಲ್ಲವೆಂದು ದೃಢವಾಗಿ ಹೇಳಿದ್ದೆ. ಹುಡುಗನ ತಾಯಿ ಪಕ್ಕದಲ್ಲಿದ್ದೂ ಮಾತನಾಡಲಿಲ್ಲ. ಮಗಳ ಮದುವೆಯ ಮಾತುಕತೆ ನಡೆದಿತ್ತು. ಆದರೆ ರಾತ್ರಿ ಎರಡು ಗಂಟೆಗೆ ಆಕೆ ತಮ್ಮ ರಾಯಚೂರಿನ ತೆಲುಗಿನಲ್ಲಿ ದಾದಿಯ ಮುಂದೆ ಎಲ್ಲವನ್ನೂ ಹೇಳಿಕೊಂಡರು. ಮೂರು ವರ್ಷದ ಹಿಂದೆ ಇದೇ ಕಾಯಿಲೆ ಬಂದಿತ್ತು, ಲಿಥಿಯಂ ಮಾತ್ರೆಯಿಂದ ಗುಣವಾಗಿತ್ತು, ಹೈದರಾಬಾದಿಗೆ ಬಂದ ಮೇಲೆ ಹುಡುಗನು ಅದನ್ನು ಬಿಟ್ಟಿದ್ದನು. ದಾದಿ ಅದನ್ನು ಕೇಸ್ ಷೀಟಿನಲ್ಲಿ ಬರೆದಳು. ಬೆಳಗ್ಗೆ ತಂಡವೆಲ್ಲ ಸೇರಿದಾಗ ಓದಿ ಹೇಳಿದಳು. ಚಿಕಿತ್ಸೆಯ ದಿಕ್ಕೇ ಬದಲಾಯಿತು. ನಮ್ಮ ಬ್ಯಾಂಕಿನ ಭದ್ರಕೋಣೆಗೆ ಎರಡು ಕೀಲಿಕೈ. ಒಬ್ಬರಿಂದಲೇ ಅದು ತೆರೆಯದು. ಇಲ್ಲಿ ಕೀಲಿಕೈಗಳು ಇನ್ನೂ ಹೆಚ್ಚು, ಅವುಗಳಲ್ಲೊಂದನ್ನು ಮನೆಯವರೇ ಸೆರಗಿನಲ್ಲಿ ಗಂಟುಹಾಕಿಕೊಂಡಿರುತ್ತಾರೆ!

ಈ ಕೂಡುಕೆಲಸಕ್ಕೆ ನಮ್ಮ ನಾಡಿನಲ್ಲಿ ಹಳೆಯ ಬೇರುಂಟು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ವೈದ್ಯರಿಗಷ್ಟೇ ಅಲ್ಲದೆ ಮನಶ್ಶಾಸ್ತ್ರಜ್ಞರಿಗೂ ದಾದಿಯರಿಗೂ ಅಲ್ಲಿ ಶಿಕ್ಷಣ ಏರ್ಪಟ್ಟಿತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಆ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಕಾನೂನಿನ ಭಯವೂ ನಮ್ಮವರಲ್ಲಿ ಬಹಳ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವನು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು. ಅವನ ಆರೈಕೆ ಸರ್ಕಾರದ ಕರ್ತವ್ಯ. ಪ್ರಾಣಾಪಾಯವಿದ್ದಾಗ ನೋಂದಾಯಿತ ವೈದ್ಯರು ಯಾರೇ ಆಗಲಿ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಬಹುದು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿ ಸಿಗುವಂತಿದ್ದರೆ ಅವರ ಒಪ್ಪಿಗೆ ಪಡೆಯಬೇಕು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸೇವೆಯೂ ಉಂಟು. 14416ಕ್ಕೆ ಫೋನು ಮಾಡಿದರೆ ಹಗಲಿರುಳು ಉಚಿತ ಸಲಹೆ ದೊರೆಯುತ್ತದೆ; ಅದರ ಭಾಷೆಗಳಲ್ಲಿ ಕನ್ನಡವೂ ಒಂದು.

ಆಸ್ಪತ್ರೆಯಿಂದ ಹೊರಬಿದ್ದ ಮೊದಲ ವಾರಗಳೇ ಹೆಚ್ಚು ಅಪಾಯದವು. ಹುಡುಗನು ಊರಿಗೆ ಹೊರಟಾಗ ಸಮಾಜ ಕಾರ್ಯಕರ್ತೆ ರಾಯಚೂರಿನ ಜಿಲ್ಲಾ ಕಾರ್ಯಕ್ರಮದವರಿಗೆ ಪತ್ರ ಬರೆದುಕೊಟ್ಟರು. ಬೆವರಿ ನೀರು ಕಡಿಮೆಯಾದರೆ ಲಿಥಿಯಂ ರಕ್ತದಲ್ಲಿ ವಿಷದ ಮಟ್ಟಕ್ಕೆ ಏರಬಹುದೆಂದೂ, ಆಗಾಗ್ಗೆ ರಕ್ತಪರೀಕ್ಷೆ ಬೇಕೆಂದೂ ದಾದಿ ತಾಯಿಗೆ ತಿಳಿಸಿದಳು. ರಾಯಚೂರಿನ ಬಿಸಿಲನ್ನು ಬಲ್ಲ ಆ ತಾಯಿ ಬಸ್ಸಿನಲ್ಲೇ ಮಗನಿಗೆ ನೀರು ಕುಡಿಸಲಾರಂಭಿಸಿದರಂತೆ.