ಮುಪ್ಪಿನಲ್ಲಿ ಸಂಗಸಂಕೋಚ

ವಯಸ್ಸು ಏರಿದಂತೆ ಮನುಷ್ಯನ ಸಂಗವು ಕಿರಿದಾಗುವುದು ಲೋಕಸಹಜವಾದುದು. ಇದನ್ನು ಕೆಲವರು ಗರ್ವವೆಂದೂ ಕೆಲವರು ಜಿಪುಣತನವೆಂದೂ ದೂಷಿಸುವುದುಂಟು. ಆದರೆ ಯಾವ ಸಂಗವನ್ನು ಬಿಡಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಚನೆಯಿಲ್ಲದ ದೂಷಣೆಗೆ ಬೆಲೆಯಿಲ್ಲ. ಈ ವಿಷಯವನ್ನು ಗೃಹಸ್ಥರಾದ ವಾಚಕರ ಮುಂದೆ ಸಂಕ್ಷೇಪವಾಗಿ ಇಡಲು ನಾವು ಯತ್ನಿಸುವೆವು.

ನಮ್ಮ ಬೀದರದ ಮದರಸವನ್ನು ವಾಚಕರು ನೋಡಿರಬಹುದು. 1472ರಲ್ಲಿ ಅದನ್ನು ಕಟ್ಟಿಸಿದ ಮಹಮೂದ ಗಾವಾನನು ಬಹಮನೀ ರಾಜ್ಯದ ಪ್ರಧಾನಮಂತ್ರಿ. ವೃದ್ಧನಾದ ಆತನನ್ನು 1481ರಲ್ಲಿ ಸುಲ್ತಾನನೇ ವಧೆ ಮಾಡಿಸಿದನು. ಇತಿಹಾಸಕಾರ ಫರಿಷ್ತನು ಹೇಳುವಂತೆ, ದ್ವೇಷಿಗಳು ಮಂತ್ರಿಯ ಮುದ್ರೆಯನ್ನು ಕಾಯುವ ಸೇವಕನೊಡನೆ ಸ್ನೇಹ ಬೆಳೆಸಿ, ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡು, ಒಡಿಶಾದ ಅರಸನಿಗೆ ಬರೆದಂತೆ ದ್ರೋಹಪತ್ರವನ್ನು ಸೃಷ್ಟಿಸಿದರು. ಸ್ನೇಹದ ವೇಷ ತೊಟ್ಟುದೆಲ್ಲವೂ ಸ್ನೇಹವಲ್ಲ.

ನಮ್ಮಂಥ ಸಾಮಾನ್ಯರಿಗೂ ಒಂದು ಮುದ್ರೆಯುಂಟು; ಅದು ನಮ್ಮ ರುಜು. ನಿವೃತ್ತನ ಕೈಗೆ ಇಡುಗಂಟು ಬಂದಿತೆಂಬ ವಾರ್ತೆ ಹಬ್ಬಿದೊಡನೆ, ಹತ್ತಾರು ವರ್ಷ ಮುಖ ತೋರದವರೂ ಭಾಲ್ಕಿಯಿಂದ, ಔರಾದದಿಂದ ಜಾಮೀನು ಕೇಳಲು ಬರುವರು. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಇರುವುದು. ಇದನ್ನರಿಯದೆ ರುಜು ಮಾಡಿದವನು ಹಣವನ್ನೂ ನೆಂಟನನ್ನೂ ಒಟ್ಟಿಗೆ ಕಳೆದುಕೊಳ್ಳುವನು. ಆ ಹಣವಾದರೋ ಮನೆಯಾಕೆಯ ಔಷಧಕ್ಕೂ ಮೊಮ್ಮಗಳ ವಿದ್ಯೆಗೂ ಇಟ್ಟದ್ದು.

ಎರಡನೆಯ ವರ್ಗವು ಚಾಡಿಕೋರರದು. ಇವರು ಚಹದ ಬಟ್ಟಲು ಬರಿದಾಗುವುದರೊಳಗೆ ಅಣ್ಣತಮ್ಮಂದಿರ ನಡುವೆ ಗೋಡೆ ಎಬ್ಬಿಸಿ ಎದ್ದುಹೋಗುವರು. ಮೂರನೆಯವರು, ನಾವು ಕೊಟ್ಟ ಆಯೇರಿಯ ಬೆಲೆಯಿಂದಲೇ ನಮ್ಮ ಪ್ರೀತಿಯನ್ನು ಅಳೆಯತಕ್ಕವರು.

ಹಾಗೆಂದು ಜಗಳವಾಡಿ ಬಾಗಿಲಿಕ್ಕುವುದು ತರವಲ್ಲ. ಜಾಮೀನಿಗೆ "ಆಗದಪ್ಪಾ" ಎಂದು ಮೊದಲ ಸಲವೇ ಸ್ಪಷ್ಟವಾಗಿ ಹೇಳತಕ್ಕದ್ದು. ನಾಳೆ ನೋಡೋಣವೆಂದರೆ ಆಸೆ ಬೆಳೆಯುವುದು. ಚಾಡಿಗೆ ಮರುಪ್ರಶ್ನೆ ಕೇಳಬಾರದು. ಆಯೇರಿಯಲ್ಲಿ ನಮ್ಮ ಶಕ್ತಿಯನ್ನು ಮೀರಬಾರದು. ಆದರೆ ಸಾವಿನ ಮನೆಗೂ ರೋಗಿಯ ಹಾಸಿಗೆಯ ಬಳಿಗೂ ಹೋಗುವುದನ್ನು ಮಾತ್ರ ಯಾರ ವಿಷಯದಲ್ಲಿಯೂ ಬಿಡತಕ್ಕದ್ದಲ್ಲ.

ಏಕೆಂದರೆ ಒಂಟಿತನವೂ ವ್ಯಾಧಿಯೇ. 2010ರಲ್ಲಿ ಪ್ರಕಟವಾದ ಒಂದು ಸಮಾಲೋಚನೆಯು 148 ಅಧ್ಯಯನಗಳನ್ನೂ, ಅವುಗಳಲ್ಲಿನ ಮೂರು ಲಕ್ಷಕ್ಕೂ ಮಿಕ್ಕ ಜನರನ್ನೂ ಪರಿಶೀಲಿಸಿ, ಗಟ್ಟಿಯಾದ ಬಾಂಧವ್ಯವುಳ್ಳವರು ಬದುಕುಳಿಯುವ ಸಂಭವವು ಸುಮಾರು ಶೇಕಡಾ 50ರಷ್ಟು ಅಧಿಕವೆಂದು ಕಂಡಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲಾರಾ ಕಾರ್ಸ್ಟೆನ್ಸನ್ ಎಂಬ ವಿದುಷಿಯ ಮತದಂತೆ, ಉಳಿದ ಕಾಲವು ಅಲ್ಪವೆಂದು ತೋರಿದಾಗ ಮನುಷ್ಯನು ಮೇಲುಮೇಲಿನ ಪರಿಚಯಗಳನ್ನು ಸಡಿಲಿಸಿ ಆಪ್ತರನ್ನು ಹಿಡಿದುಕೊಳ್ಳುವನು. ಇದು ಕೊರತೆಯಲ್ಲ, ಆಯ್ಕೆ.

ಆದುದರಿಂದ, ಮಿಕ್ಕ ಬಂಧಗಳನ್ನು ಸಡಿಲಿಸಿ ಉಳಿಸಿಕೊಂಡ ವೇಳೆಯನ್ನು ಹಳೆಯ ಗೆಳೆಯನೊಬ್ಬನಿಗೆ ಕೊಡತಕ್ಕದ್ದು. ಬೀದರಿನಿಂದ ಭಾಲ್ಕಿಯಾಗಲಿ ಔರಾದವಾಗಲಿ ದೂರವಲ್ಲ. ಏನನ್ನೂ ಕೇಳದೆ ನಮ್ಮ ದಾರಿ ಕಾಯುವವನು ಅಲ್ಲಿದ್ದರೆ, ಈ ವಾರವೇ ಹೋಗಿ ಬರುವುದು ಲೇಸು.